ಕೂಸಿನ ಕಾಲು ಬಲ್ಲ ದೊಡ್ಡಮಲ್ಲಮ್ಮ

ಗುಂಡ್ಲುಪೇಟೆಯಲ್ಲಿ ಬೆಳಿಗ್ಗೆ ಐದೂಮುಕ್ಕಾಲು. ಹೆದ್ದಾರಿಯಲ್ಲಿ ಈರುಳ್ಳಿ ಲಾರಿಗಳು ಕೇರಳದ ಕಡೆಗೆ ಹೊರಟಿವೆ. ಅದರ ಹಿಂದಿನ ಬೀದಿಯ ಒಂದು ಬಚ್ಚಲಲ್ಲಿ ದೊಡ್ಡಮಲ್ಲಮ್ಮ ಸೀರೆಯನ್ನು ಮಂಡಿಗೆ ಎತ್ತಿ ಕಟ್ಟಿ, ಎರಡೂ ಕಾಲು ನೀಡಿಕೊಂಡು ಕುಳಿತಿದ್ದಾರೆ. ಕಾಲುಗಳ ಮೇಲೆ ಹದಿನಾರು ದಿನದ ಹೆಣ್ಣು ಕೂಸು ಬೋರಲು ಮಲಗಿದೆ. ಮೂರನೇ ಚೊಂಬು ನೀರಿನವರೆಗೆ ಅದು ಬೀದಿಗೆಲ್ಲ ಕೇಳುವಂತೆ ಅಳುತ್ತದೆ. ನಾಲ್ಕನೆಯದಕ್ಕೆ ಆಕಳಿಸುತ್ತದೆ.

ಮೈ ಒರೆಸಿದ ಮೇಲೆ ಅವರು ಕೂಸಿನ ಕಂಕುಳಡಿ ಕೈ ಕೊಟ್ಟು, ಅಂಗಾಲು ಮಣೆಗೆ ತಾಕುವಂತೆ ಎತ್ತಿ ಹಿಡಿಯುತ್ತಾರೆ. ಕೂಸು ಬಲಗಾಲು ಎತ್ತಿ ಮುಂದಿಡುತ್ತದೆ. ಆಮೇಲೆ ಎಡಗಾಲು. ನಾಲ್ಕು ಹೆಜ್ಜೆಗೆ ಮಣೆ ಮುಗಿಯುತ್ತದೆ. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಬಾಯಿ ತೆರೆಯುವ ಮೊದಲೇ ದೊಡ್ಡಮಲ್ಲಮ್ಮ ತಡೆಯುತ್ತಾರೆ.

"ನೋಡುದ್ಯಲ್ಲವ್ವ, ಅಷ್ಟೇಯ. ಬೀದೀಗ್ ಏಳ್ಬ್ಯಾಡ."

ಬೀದಿಗೆ ಹೇಳಬೇಡ ಎಂಬ ಈ ಎಚ್ಚರಿಕೆಗೆ ಕಾರಣವಿದೆ. ಹೋದ ವರ್ಷ ಇದೇ ನಾಲ್ಕು ಹೆಜ್ಜೆಯಿಂದ ಅವರ ಇಪ್ಪತ್ತೇಳು ವರ್ಷದ ಹೆಸರು ಮಣ್ಣುಪಾಲಾಗುವುದರಲ್ಲಿತ್ತು.

ದೊಡ್ಡಮಲ್ಲಮ್ಮನಿಗೆ ಅರವತ್ತೊಂದು ವರ್ಷ. ಹುಟ್ಟಿದ್ದು ಚಂದಕವಾಡಿ, ಸೇರಿದ್ದು ಗುಂಡ್ಲುಪೇಟೆ. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವ ಕೆಲಸ ಅತ್ತೆಯಿಂದ ಬಂದದ್ದು. ದಿನಕ್ಕೆ ಐದು ಮನೆ, ಮನೆಗೆ ಮುಕ್ಕಾಲು ಗಂಟೆ, ಒಂದು ಕೂಸಿಗೆ ಮೂರು ತಿಂಗಳು. ಇದುವರೆಗೆ ಎರಡು ಸಾವಿರ ಕೂಸುಗಳಿಗೆ ನೀರು ಹಾಕಿದ್ದೇನೆ ಎನ್ನುತ್ತಾರೆ. ಅವರೇ ಕೊಟ್ಟ ಅಂಕಿಗಳನ್ನು ಗುಣಿಸಿದರೆ ಐನೂರ ನಲವತ್ತು ದಾಟುವುದಿಲ್ಲ.

"ನಿಮ್ ಲೆಕ್ಕದಲ್ಲಿ ಅಷ್ಟೇ ಇರ್ಬೋದು ಬುದ್ದಿ. ನನ್ ಮಂಡಿ ಲೆಕ್ಕದಲ್ಲಿ ಎರಡ್ ಸಾವ್ರ," ಎಂದು ಮಂಡಿ ಒತ್ತಿಕೊಳ್ಳುತ್ತಾರೆ. ಒದ್ದೆ ಕಲ್ಲಿನ ಮೇಲೆ ಕಾಲು ನೀಡಿ ಕುಳಿತೂ ಕುಳಿತೂ ಎರಡೂ ಮಂಡಿ ಹಿಡಿದುಕೊಂಡಿವೆ. ಬಚ್ಚಲಿಂದ ಏಳಬೇಕಾದರೆ ಹಂಡೆ, ಗೋಡೆ, ಬಾಣಂತಿಯ ಭುಜ ಮೂರೂ ಬೇಕು.

ಹೋದ ವರ್ಷದ ಕಥೆ ಬೀದಿಯ ಕೊನೆಯ ಮನೆಯ ಮೂಗಮ್ಮನ ಮೊಮ್ಮಗನದು. ಮುತ್ತಜ್ಜನ ಹೆಸರು ಉಳಿಯಲೆಂದು ಅವನಿಗೆ ಮರಿಯಯ್ಯ ಎಂದೇ ಹೆಸರು. ಹದಿನೈದನೇ ದಿನ ಮರಿಯಯ್ಯನೂ ಮಣೆಯ ಮೇಲೆ ಹೆಜ್ಜೆ ಹಾಕಿದ. ಮೊಮ್ಮಗ ನಡೆಯುತ್ತಾನೆಂದು ಮೂಗಮ್ಮ ಸಂಜೆಯೊಳಗೆ ಬೀದಿಯ ಹತ್ತೊಂಬತ್ತು ಮನೆಗೂ ಹೇಳಿ ಬಂದರು. ಎರಡು ತಿಂಗಳಾಗುವಷ್ಟರಲ್ಲಿ ಆ ಹೆಜ್ಜೆ ನಿಂತುಹೋಯಿತು. ಎಲ್ಲ ಕೂಸುಗಳಲ್ಲೂ ಹೀಗೇ ಆಗುತ್ತದೆ. ಆದರೆ ಉಳಿದ ಅಜ್ಜಿಯರು ಊರಿಗೆ ಸಾರಿರುವುದಿಲ್ಲ.

ವರ್ಷ ತುಂಬಿದರೂ ಮರಿಯಯ್ಯ ಕೂತಲ್ಲೇ ಕೂತಿದ್ದ. ನೀರು ಹಿಡಿಯಲು ಹೋದಾಗೆಲ್ಲ ಮೂಗಮ್ಮನಿಗೆ ನೆರೆಯವರಿಂದ ಒಂದೇ ಪ್ರಶ್ನೆ: "ನಡ್ಯೋ ಮೊಮ್ಮಗ ಎಲ್ಲಕ್ಕ, ಚಾಮ್ರಾಜ್‌ನಗರುಕ್ಕೆ ಓದ್ನಾ?"

ಚಾಮರಾಜನಗರಕ್ಕೆ ದಿನವೂ ಹೋಗುತ್ತಿದ್ದವನು ಮರಿಯಯ್ಯನ ತಂದೆ ಮಹದೇವಸ್ವಾಮಿ. ಜಿಲ್ಲೆಯಾದ ಮೇಲೆ ಅಲ್ಲಿ ತೆರೆದ ಕಚೇರಿಯೊಂದರಲ್ಲಿ ಗುಮಾಸ್ತ. ಮಗು ಯಾವ ತಿಂಗಳಿಗೆ ಏನು ಮಾಡಬೇಕೆಂದು ಪಟ್ಟಿ ಬರೆದು ನಡುಮನೆಯ ಗೋಡೆಗೆ ಅಂಟಿಸಿದ್ದ. ಕತ್ತು ನಿಂತದ್ದು, ಮಗುಚಿದ್ದು, ಕೂತದ್ದು ಎಲ್ಲಕ್ಕೂ ದಿನಾಂಕ, ಕಿರುಸಹಿ ಇವೆ. ಕೊನೆಯ ಸಾಲಿನಲ್ಲಿ "ನಡಿಗೆ: ಬಾಕಿ" ಎಂದಿತ್ತು.

ಹದಿನಾಲ್ಕನೇ ತಿಂಗಳಿಗೆ ಮೂಗಮ್ಮ ತೀರ್ಮಾನಕ್ಕೆ ಬಂದರು. ಕೂಸಿಗೆ ಹುಟ್ಟುವಾಗಲೇ ಇದ್ದ ನಡಿಗೆಯನ್ನು ದೊಡ್ಡಮಲ್ಲಮ್ಮ ಹರಳೆಣ್ಣೆ ಹಾಕಿ ಉಜ್ಜಿ ಉಜ್ಜಿ ಅಳಿಸಿಬಿಟ್ಟಳು ಎಂದು. ಈ ಮಾತೂ ಹತ್ತೊಂಬತ್ತು ಮನೆಗೆ ಹೋಯಿತು. ವಾರದಲ್ಲಿ ಎರಡು ಮನೆಯವರು ನಾಳೆಯಿಂದ ಬರಬೇಡ ಎಂದರು. ಮೂರನೆಯವರು ಯೋಚಿಸಿ ಹೇಳುತ್ತೇವೆ ಎಂದರು.

ದೊಡ್ಡಮಲ್ಲಮ್ಮ ಮೂಗಮ್ಮನ ಮನೆಗೆ ಹೋದರು. ಜಗಳವಾಡಲಿಲ್ಲ, ಹಿತ್ತಲಿನ ಸಿಮೆಂಟು ತೊಟ್ಟಿಗೆ ಬಿಸಿನೀರು ತುಂಬಿಸಿ ಎಂದರು. ಹನ್ನೊಂದು ಹಂಡೆ ಹಿಡಿಯಿತು. ಮರಿಯಯ್ಯನ ತೂಕ ಆಗ ಹನ್ನೆರಡೂವರೆ ಕೆಜಿ. ಈರುಳ್ಳಿ ತಕ್ಕಡಿಯಲ್ಲಿ ತೂಗಿದ್ದರಿಂದ ಅಂಕಿಯಲ್ಲಿ ಅನುಮಾನವಿಲ್ಲ. ಅವನನ್ನು ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ, ಕಂಕುಳಡಿ ಕೈ ಕೊಟ್ಟು, ಮುಂದೆ ಒಂದು ಕೆಂಪು ಪ್ಲಾಸ್ಟಿಕ್ ಮಗ್ ತೇಲಿಬಿಟ್ಟರು.

"ಮರ್ತಿಲ್ಲ ಕಣಕ್ಕ ಅವ್ನು. ಕಾಲ್ಗೆ ಮಾಂಸ ತುಂಬ್ಕತು, ಎತ್ತಕ್ಕಾಗಾಕಿಲ್ಲ. ಒಸಿ ನೀರು ಒತ್ಕಳ್ಳಿ, ನೋಡು."

ಮರಿಯಯ್ಯ ಬಲಗಾಲು ಎತ್ತಿದ. ಆಮೇಲೆ ಎಡಗಾಲು. ಆರಡಿ ತೊಟ್ಟಿಯನ್ನು ಮಗ್ಗಿನ ಹಿಂದೆ ಹೋಗಿ, ತಿರುಗಿ ಬಂದ. ಸಂಜೆ ಮಹದೇವಸ್ವಾಮಿ ಪಟ್ಟಿಯಲ್ಲಿ "ನೀರಿನಲ್ಲಿ ನಡೆದಿದೆ. ನೆಲದ ವಿಷಯ ಪರಿಶೀಲನೆಯಲ್ಲಿದೆ" ಎಂದು ಬರೆದ. ಆ ಹಾಳೆ ಇಂದಿಗೂ ಗೋಡೆಯ ಮೇಲಿದೆ.

ಊರಿನ ವೈದ್ಯರೊಬ್ಬರನ್ನು ವಿಚಾರಿಸಿದರೆ ದೊಡ್ಡಮಲ್ಲಮ್ಮ ಹೇಳಿದ್ದು ಸರಿ ಎನ್ನುತ್ತಾರೆ. ಮೊದಲ ತಿಂಗಳುಗಳಲ್ಲಿ ಕಾಲಿಗೆ ಬಲಕ್ಕಿಂತ ತೂಕ ಬೇಗ ಬರುತ್ತದೆ, ನೀರು ಆ ತೂಕವನ್ನು ಹೊರುತ್ತದೆ. ನಡಿಗೆಯನ್ನು ಯಾರೂ ಕೂಸಿನೊಳಗೆ ಕೂತು ಹೇಳಿಕೊಡುವುದಿಲ್ಲ. ಕಾಲಿನ ತೂಕ, ಬಲ, ಕೆಳಗಿನ ನೆಲ, ಎದುರಿಗಿರುವ ಆಸೆ ಎಲ್ಲವೂ ಒಂದಕ್ಕೊಂದು ಹೊಂದಿಕೊಂಡ ದಿನ ತಾನಾಗಿ ಆಗುತ್ತದೆ. ಹದಿನೆಂಟು ತಿಂಗಳವರೆಗೆ ಹೇಗೂ ಗಾಬರಿಪಡಬೇಕಿಲ್ಲ ಎಂದೂ ಸೇರಿಸುತ್ತಾರೆ. ಅದನ್ನು ಮೂಗಮ್ಮನಿಗೆ ಆಗ ಯಾರೂ ಹೇಳಿರಲಿಲ್ಲ.

ಮರಿಯಯ್ಯನಿಗೆ ಆ ದಿನ ಬಂದದ್ದು ತೊಟ್ಟಿಗಿಳಿದ ಇಪ್ಪತ್ತಮೂರನೇ ದಿನ. ನೋಡಿದವರಿಲ್ಲ. ತಂದೆ ಚಾಮರಾಜನಗರದ ಬಸ್ಸಿನಲ್ಲಿದ್ದ, ತಾಯಿ ವನಿತಾ ಮನೆ ಮುಂದೆ ಬಟ್ಟೆ ಒಣಹಾಕುತ್ತಿದ್ದಳು, ಹದಿನಾಲ್ಕು ತಿಂಗಳು ಕಣ್ಣು ಕೀಳದೆ ಕಾದಿದ್ದ ಮೂಗಮ್ಮ ಮುದ್ದೆ ತಿರುವುತ್ತಿದ್ದರು. ತಿರುಗಿ ನೋಡಿದರೆ ಹುಡುಗ ಹಿತ್ತಲಲ್ಲಿ ತೊಟ್ಟಿಯ ಅಂಚು ಹಿಡಿದು ಕೆಂಪು ಮಗ್ ನೋಡುತ್ತ ನಿಂತಿದ್ದಾನೆ. ದಾರಿಯಲ್ಲಿ ಒಣಹಾಕಿದ್ದ ರಾಗಿಯ ಮೇಲೆ ಹದಿನೇಳು ಪಾದದ ಗುರುತು, ಮಂಡಿಯ ಗುರುತು ಒಂದೂ ಇಲ್ಲ. ಮೂಗಮ್ಮ ಎಣಿಸಿ, ಮತ್ತೆ ಎಣಿಸಿ, ಸಂಜೆಯವರೆಗೆ ರಾಗಿ ಬಾಚದೆ ಬಿಟ್ಟು, ಹತ್ತೊಂಬತ್ತು ಮನೆಯವರನ್ನೂ ಕರೆದು ತೋರಿಸಿದರು.

ಬಿಟ್ಟಿದ್ದ ಎರಡು ಮನೆಯವರೂ ಮತ್ತೆ ಹೇಳಿಕಳಿಸಿದರು. ಬೇಡ ಅಂದದ್ದು ಕೂಸಿಗೆ ನೆಗಡಿಯಿತ್ತು ಅಂತ, ಎಂದರು.

ಇಷ್ಟು ಮಕ್ಕಳನ್ನು ನಡೆಸಿದ್ದೀರಿ ಎಂದರೆ ದೊಡ್ಡಮಲ್ಲಮ್ಮ ಒಪ್ಪುವುದಿಲ್ಲ. "ನಾನ್ ಎಲ್ ನಡುಸ್ದೆ? ನೀರ್ ಉಯ್ದೆ. ಅವೇ ನಡ್ಕಂಡೋದೊ."

ಸ್ವಂತಕ್ಕೆ ಅವರಿಗೆ ಒಂದೇ ಆಸೆ. ಮೂಗಮ್ಮನ ತೊಟ್ಟಿಗೆ ಬಿಸಿನೀರು ತುಂಬಿಸಿ, ಈ ಮಂಡಿಗಳನ್ನು ಒಂದು ಸಲ ಅದರಲ್ಲಿ ಇಳಿಸಿ ನೋಡಬೇಕು. ಮೂಗಮ್ಮ ಒಪ್ಪಿದ್ದಾರೆ. ಬರುವ ಸೋಮವಾರ, ಮಹದೇವಸ್ವಾಮಿ ಕಚೇರಿಗೆ ಹೋದ ಮೇಲೆ ಹಂಡೆಯ ಒಲೆ ಹಚ್ಚುತ್ತಾರೆ.

"ಒಂದೇ ಮಾತು ಏಳಿವ್ನಿ ಅವ್ರ್ಗೆ," ಎನ್ನುತ್ತಾರೆ ದೊಡ್ಡಮಲ್ಲಮ್ಮ. "ನಾನ್ ನಡುದ್ರೂವೆ ಬೀದೀಗ್ ಏಳ್ಬಾರ್ದು."