ತಡವಾದ ಆಮೆನ್

ಪಾದ್ರಿಯವರಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಸಭೆಯವರೆಲ್ಲ ಹೇಳುತ್ತಾರೆ. ಹೇಳುವವರಿಗೇನು, ಭಾನುವಾರ ಬಂದು ಹಾಡಿ ಹೋಗುತ್ತಾರೆ. ಮೈಕು ಕೀರಲು ದನಿ ತೆಗೆದರೆ ಅದನ್ನು ತಟ್ಟಿ ಸರಿಮಾಡುವವರು ಇವರು, ಮದುವೆಯ ದಿನ ಬೀಗರ ಜಗಳ ಬಿಡಿಸಿ ಅದೇ ಕೈಯಲ್ಲಿ ಆಶೀರ್ವದಿಸುವವರೂ ಇವರೇ. "ದೇವರ ಜೊತೆ ನನಗೇನೂ ತಕರಾರಿಲ್ಲ ಕಣೇ, ಅವನ ಮಕ್ಕಳ ಜೊತೆ ಏಗೋದೇ ಕಷ್ಟ" ಎಂದು ಹೆಂಡತಿಯ ಹತ್ತಿರ ಗೊಣಗುವುದುಂಟು. "ನೀವೂ ಅವನ ಮಗನೇ ಅಲ್ವೇನ್ರೀ?" ಎಂದು ಕೇಳಿ ಆಕೆ ಒಳಗೆ ಹೋಗುತ್ತಾರೆ.

ಬುಧವಾರ ಮಧ್ಯಾಹ್ನದ ಹೆಂಗಸರ ಪ್ರಾರ್ಥನಾಕೂಟವೆಂದರೆ ಅವರಿಗೆ ಮೈಯೆಲ್ಲ ಉರಿ. ಅಲ್ಲಿ ಒಬ್ಬೊಬ್ಬರೂ ಎದ್ದು ನಿಂತು, ಕಣ್ಣು ಮುಚ್ಚಿ, ಬೇರೆಯವರ ಕಷ್ಟಕ್ಕಾಗಿ ಬಾಯಿಬಿಟ್ಟು ಬೇಡಿಕೊಳ್ಳುವುದು ರೂಢಿ. ರೂಢಿಯೇನೋ ಚೆನ್ನಾಗಿಯೇ ಇದೆ. ಆದರೆ ಯಾರ ಮಗಳ ಸಂಬಂಧ ಮುರಿಯಿತು, ಯಾರ ಗಂಡ ಕುಡಿದು ಚರಂಡಿಯಲ್ಲಿ ಬಿದ್ದಿದ್ದ ಎಂಬುದನ್ನೆಲ್ಲ ದೇವರಿಗೆ ಗೊತ್ತೇ ಇಲ್ಲವೇನೋ ಎಂಬಂತೆ ಎಳೆ ಎಳೆಯಾಗಿ ಒಪ್ಪಿಸಿದರೆ ಏನನ್ನಬೇಕು? ಬೀದಿಯಲ್ಲಿ ಆಡಿದರೆ ಅದು ಚಾಡಿ, ಕೊನೆಗೆ ಆಮೆನ್ ಸೇರಿಸಿದರೆ ಭಕ್ತಿ.

ಹೀಗಿರುವಾಗ ಸಭೆಯ ಹೊಲಿಗೆಯಾಕೆ ಒಂದು ಬೆಳಿಗ್ಗೆ ಮಗಳ ಕೈ ಹಿಡಿದುಕೊಂಡು ಪಾದ್ರಿಯವರ ಅಡುಗೆಮನೆಯ ಬಾಗಿಲಿಗೆ ಬಂದಳು. ಗಾಯಕರ ನಿಲುವಂಗಿಗಳನ್ನೆಲ್ಲ ಹೊಲಿದ ಕೈ ಮಣಿಕಟ್ಟಿನ ಹತ್ತಿರ ಊದಿತ್ತು. ಗಂಡ ವ್ಯಾನು ಓಡಿಸುವವನು. ಅವನ ಹೊಡೆತ ಅವಳಿಗೆ ಹೊಸದಲ್ಲ, ಆದರೆ ಈ ಸಲ ಮಗುವಿನ ಮೇಲೂ ಕೈ ಮಾಡಿದ್ದ.

"ಎಲ್ಲಿದ್ದೀನಿ ಅಂತ ಅವರಿಗೆ ಗೊತ್ತಾದ್ರೆ ನನ್ನ ಉಳಿಸಲ್ಲ, ಅಯ್ಯನವರೇ" ಎಂದಳು.

ಪಾದ್ರಿಯವರು ಒಬ್ಬರಿಗೆ ಮಾತ್ರ ವಿಷಯ ತಿಳಿಸಿದರು. ಅವರು ಸಭೆಯ ಹಿರಿಯರು, ಪ್ರಿಂಟಿಂಗ್ ಪ್ರೆಸ್ಸಿನ ಯಜಮಾನರು. ಪ್ರೆಸ್ಸಿನ ಮೇಲೆ ಒಂದು ಕೋಣೆ ಖಾಲಿ ಇತ್ತು. ತಾಯಿ ಮಗಳು ಅಲ್ಲಿ ಸೇರಿಕೊಂಡರು. ಇನ್ನು ಯಜಮಾನರ ಹೆಂಡತಿಗೆ, ಸಭೆಯೆಲ್ಲ ಪ್ರೆಸ್ ಅಮ್ಮ ಎಂದು ಕರೆಯುವಾಕೆಗೆ, ತಿಳಿಯದೆ ಇರುತ್ತದೆಯೇ? ತಿಳಿಯಿತು. ಆಕೆಯೇ ದಿನಾ ಮಂಡಿನೋವಿನಲ್ಲಿ ಮೆಟ್ಟಿಲು ಹತ್ತಿ ಊಟ ಕೊಟ್ಟರು, ಊದಿದ ಕೈಗೆ ಬಿಸಿನೀರಿನ ಶಾಖ ಕೊಟ್ಟರು. ಕೆಟ್ಟವರು ಎಂದು ಬೈಯುವ ಹಾಗೂ ಇಲ್ಲ, ನೋಡಿ.

ಬುಧವಾರ ಬಂತು. ಪ್ರೆಸ್ ಅಮ್ಮ ಪ್ರಾರ್ಥನೆಗೆ ಎದ್ದು ನಿಂತು ಬೆಂಚುಗಳ ಮೇಲೆ ಒಮ್ಮೆ ಕಣ್ಣಾಡಿಸಿದರು. ಎರಡನೇ ಬೆಂಚಿನಲ್ಲಿ ವಾರ ವಾರವೂ ಕೂರುವ ಹೊಲಿಗೆಯಾಕೆಯ ಅತ್ತೆ ಅಂದು ಬಂದಿರಲಿಲ್ಲ. ಧೈರ್ಯವಾಗಿ ಕಣ್ಣು ಮುಚ್ಚಿ ಶುರುಮಾಡಿದರು. ಎಲ್ಲರ ಕಣ್ಣೂ ಮುಚ್ಚಿದ್ದವು, ಪಾದ್ರಿಯವರದೊಂದು ಬಿಟ್ಟು. ಯಾರು ಬಂದರು, ಯಾರು ಎದ್ದುಹೋದರು ಎಂದು ನೋಡುತ್ತಿರುವುದು ಅವರ ಹಳೇ ಚಾಳಿ. ಪ್ರಾರ್ಥನೆ ಅರ್ಧಕ್ಕೆ ಬಂದಿರಬೇಕು, ಬಾಗಿಲು ಸದ್ದಿಲ್ಲದೆ ತೆರೆಯಿತು. ಅತ್ತೆ ಒಳಗೆ ಬಂದು, ತಮ್ಮ ಜಾಗದಲ್ಲಿ ಕೂತು, ತಲೆ ತಗ್ಗಿಸಿದರು.

"ಕರ್ತನೇ, ಗಂಡನ ಕೈಯಿಂದ ತಪ್ಪಿಸ್ಕೊಂಡು ಬಂದಿರೋ ನಮ್ಮ ತಂಗೀನ ಕಾಪಾಡಪ್ಪಾ" ಎನ್ನುತ್ತಿದ್ದರು ಪ್ರೆಸ್ ಅಮ್ಮ. ಅವರ ಕೆನ್ನೆಯ ಮೇಲೆ ನಿಜವಾಗಿಯೂ ಕಣ್ಣೀರು ಇಳಿಯುತ್ತಿತ್ತು.

ಪಾದ್ರಿಯವರು ಅತ್ತೆಯ ಕಡೆ ನೋಡಿದರು. ತಡೆಯಬೇಕು. ಆದರೆ ಒಬ್ಬರು ಪ್ರಾರ್ಥಿಸುತ್ತಿರುವಾಗ ನಡುವೆ ಬಾಯಿ ಹಾಕುವುದುಂಟೇ? ಈ ಸಭೆ ಹುಟ್ಟಿದಂದಿನಿಂದ ಯಾರೂ ಹಾಕಿದ್ದಿಲ್ಲ. ಅವರು ಕೆಮ್ಮಿದರು. ಕುರ್ಚಿಯನ್ನು ಕಿರ್ರೆನಿಸಿದರು. ಮತ್ತೆ ಕೆಮ್ಮಿದರು.

"ನಮ್ಮ ಪ್ರೆಸ್ಸಿನ ಮೇಲಿನ ಆ ಪುಟ್ಟ ಕೋಣೇಲಿ ತಾಯಿ ಮಗು ಇಬ್ಬರೇ ಇದ್ದಾರಪ್ಪಾ, ಆ ಬಾಗಿಲಿಗೆ ನೀನೇ ಕಾವಲಿರು..."

"ಆಮೆನ್" ಎಂದು ಪಾದ್ರಿಯವರು ಗುಡುಗಿದರು. ಎಲ್ಲರೂ ಬೆಚ್ಚಿಬಿದ್ದು ಕಣ್ಣು ಬಿಟ್ಟರು. ಅಷ್ಟರಲ್ಲಿ ಅತ್ತೆ ಎದ್ದು ಬಾಗಿಲ ಹೊರಗೆ ಚಪ್ಪಲಿ ಮೆಟ್ಟುತ್ತಿದ್ದರು. ಫೋನು ಆಗಲೇ ಕಿವಿಯಲ್ಲಿತ್ತು.

ಸ್ಕೂಟರು ಹತ್ತಿ ಪ್ರೆಸ್ಸಿನ ಕಡೆ ಓಡಿಸುವಾಗ ಪಾದ್ರಿಯವರ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಒಂದಷ್ಟು ಪ್ರೆಸ್ ಅಮ್ಮನಿಗೆ, ಒಂದಷ್ಟು ಎಲ್ಲವನ್ನೂ ಸುಮ್ಮನೆ ಕೇಳಿಸಿಕೊಂಡ ದೇವರಿಗೆ. ಹೆಚ್ಚಿನ ಪಾಲು ಕೆಮ್ಮುತ್ತ ಕೂತಿದ್ದ ತಮಗೇ. ಒಂದು ಜೀವಕ್ಕಿಂತ ಕೂಟದ ಮರ್ಯಾದೆ ದೊಡ್ಡದಾಯಿತೇ, ಥೂ.

ಹೊಲಿಗೆಯಾಕೆಗೆ ಹೆಚ್ಚು ಹೇಳಬೇಕಾಗಲಿಲ್ಲ. ಅವರ ಮುಖ ನೋಡಿದ್ದೇ ಬಟ್ಟೆಗಳನ್ನು ಚೀಲಕ್ಕೆ ತುರುಕತೊಡಗಿದಳು.

"ಎಲ್ಲಿಗೆ ಹೋಗ್ತೀಯಮ್ಮಾ? ನಾನೇ ಬಿಟ್ಟು ಬರ್ತೀನಿ."

"ಬೇಡಿ."

"ನನಗೊಬ್ಬನಿಗಾದ್ರೂ ಹೇಳು."

"ನಿಮಗೊಬ್ಬರಿಗೇ ಅಲ್ವಾ ಅಯ್ಯನವರೇ, ನಾನು ಹೇಳಿದ್ದು?"

ಅವಳು ಕೂಗಾಡಿದ್ದರೆ ಅವರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮಗಳನ್ನು ಎತ್ತಿಕೊಂಡು ಹಿಂದಿನ ಮೆಟ್ಟಿಲು ಇಳಿದು ಹೊರಟೇಹೋದಳು.

ವ್ಯಾನು ಬಂದು ನಿಂತಾಗ ಪಾದ್ರಿಯವರು ಬಾಗಿಲಿಗೆ ಅಡ್ಡಲಾಗಿ ನಿಂತಿದ್ದರು. ಗಂಡ ಅವರನ್ನು ಪಕ್ಕಕ್ಕೆ ತಳ್ಳಿ ಒಳಗೆಲ್ಲ ಹುಡುಕಿ ಬಂದ.

"ಎಲ್ಲಿ ಅವಳು?"

"ಗೊತ್ತಿಲ್ಲ."

"ಪಾದ್ರಿಯಾಗಿ ಸುಳ್ಳು ಹೇಳ್ತೀರಲ್ಲ, ನಾಚಿಕೆ ಆಗಲ್ವಾ?"

ಸುಳ್ಳಾಗಿದ್ದರೆ ನಾಚಿಕೆಯಾಗುತ್ತಿರಲಿಲ್ಲ. ನಿಜವಾಗಿದ್ದಕ್ಕೇ ಆಯಿತು.

ಮುಂದಿನ ಬುಧವಾರ ಪ್ರೆಸ್ ಅಮ್ಮ ಅತ್ತು ಅತ್ತು ಕಣ್ಣು ಕೆಂಪು ಮಾಡಿಕೊಂಡು ಬಂದಿದ್ದರು. ಎರಡನೇ ಬೆಂಚಿನಲ್ಲಿ ಅತ್ತೆಯೂ ಇದ್ದರು, ಏನೂ ಆಗಿಲ್ಲವೆಂಬಂತೆ.

"ಈಗ ಅವಳು ಎಲ್ಲಿದ್ದಾಳೆ ಅಯ್ಯನವರೇ? ಪ್ರಾರ್ಥನೆ ಮಾಡೋಕಾದ್ರೂ ಗೊತ್ತಾಗ್ಬೇಕಲ್ವಾ" ಎಂದರು ಪ್ರೆಸ್ ಅಮ್ಮ.

"ವಿಳಾಸ ಕೊಡದಿದ್ರೆ ದೇವರು ದಾರಿ ತಪ್ತಾನೇನಮ್ಮಾ?" ಪಾದ್ರಿಯವರು ಕೂಟದ ಕಡೆ ತಿರುಗಿದರು. "ಇವತ್ತು ಯಾರೂ ಬಾಯಿ ಬಿಡಬೇಡಿ. ಮನಸ್ಸಲ್ಲೇ ಪ್ರಾರ್ಥಿಸಿ."

ಕೂಟ ಕಣ್ಣು ಮುಚ್ಚಿತು. ಮನಸ್ಸಲ್ಲೇ ಪ್ರಾರ್ಥಿಸಿ ಅಭ್ಯಾಸವಿಲ್ಲದವರು ಕೂತಲ್ಲೇ ಮಿಸುಕಾಡಿದರು. ಪಾದ್ರಿಯವರು ಹಲ್ಲು ಕಚ್ಚಿಕೊಂಡು ಅಂದು ಬೇಡಿಕೊಂಡದ್ದು ಒಂದೇ ಒಂದು: ಅವಳೆಲ್ಲಿದ್ದಾಳೋ ಅಲ್ಲೇ ಚೆನ್ನಾಗಿರಲಿ ದೇವರೇ, ಎಲ್ಲಿ ಅಂತ ನಮಗೆ ಮಾತ್ರ ತಿಳಿಸಬೇಡ.