ಅತ್ತೆಯನ್ನು ಸೋಲಿಸದ ಪೆಟ್ಟಿಗೆಗಳು

ನಾನು ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಆ ಶೆಡ್ಡಿನ ಗೋಡೆ ನನ್ನ ನೆನಪಿನಲ್ಲಿ ತಿಳಿನೀಲಿ. ಅತ್ತೆಯನ್ನು ಕೇಳಿದರೆ, ಗೋಡೆಗೆ ಸುಣ್ಣವನ್ನೇ ಹೊಡೆದಿರಲಿಲ್ಲ ಎನ್ನುತ್ತಾಳೆ. ಎಂಬತ್ತರ ದಶಕದ ನಡುಭಾಗ ಎನ್ನುವುದು ಮಾತ್ರ ಖಚಿತ. ಗುಬ್ಬಿಯ ನಮ್ಮ ಬೀದಿಗೆ ಆಗಷ್ಟೇ ಮೊದಲ ಟೀವಿ ಬಂದಿತ್ತು, ಆ ಮನೆಯವರು ಅದಕ್ಕೆ ಹೂವು ಮುಡಿಸಿದ್ದರು. ಹೂವು ಸೇವಂತಿಗೆಯೋ ಕನಕಾಂಬರವೋ, ಆಣೆ ಮಾಡಿ ಹೇಳಲಾರೆ.

ಮೈಸೂರಿನಲ್ಲಿ ಎಂ.ಎ. ಮುಗಿಸಿ ಮನೆಯಲ್ಲಿ ಕೂತಿದ್ದೆ. ಅತ್ತೆ ಎಂದರೆ ಅಪ್ಪನ ತಂಗಿ, ನಮ್ಮ ಜೊತೆಗೇ ಇದ್ದವಳು. ತುಮಕೂರಿನ ಹೊರವಲಯದ ಒಂದು ಶೆಡ್ಡಿಗೆ ದಿನವೂ ರೈಲಿನಲ್ಲಿ ಹೋಗಿ ಬೆಸುಗೆ ಹಾಕುವ ಕೆಲಸ ಮಾಡುತ್ತಿದ್ದಳು. ಅಲ್ಲಿ ತಯಾರಾಗುತ್ತಿದ್ದದ್ದು ಟೀವಿಗೆ ಸಿಕ್ಕಿಸಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆ. ಬೆಂಗಳೂರಿನ ಅಂಗಡಿಗಳಿಗೆ ಹೋಗುತ್ತಿತ್ತು. "ಸುಮ್ನೆ ಮನೇಲಿ ಕೂತು ಜಂತೆ ಎಣಿಸೋ ಬದ್ಲು ನನ್ ಜೊತೆ ಬಾ. ಅಲ್ಲಿ ಎಣಿಸಕ್ಕೆ ಜಂತೆನೂ ಕಾಣಲ್ಲ, ಅಷ್ಟು ಹೊಗೆ" ಎಂದಳು.

ಹೋದೆ. ಹೊಗೆಯ ವಿಷಯ ತಮಾಷೆಯಲ್ಲ ಎಂದು ಮೊದಲ ದಿನವೇ ತಿಳಿಯಿತು. ಬೆಸುಗೆಯ ರಾಳ ಸುಟ್ಟು ಏಳುವ ಹೊಗೆ ಕೋಣೆಯಲ್ಲೇ ಸುತ್ತುತ್ತಿತ್ತು. ಅತ್ತೆ ಆಗಲೇ ಕೆಮ್ಮುತ್ತಿದ್ದಳು. ಇಡೀ ಶೆಡ್ಡಿಗೆ ಇದ್ದದ್ದು ಒಂದೇ ಫ್ಯಾನು, ಅದೂ ಪಕ್ಕದ ಟೆಸ್ಟಿಂಗ್ ಕೋಣೆಯಲ್ಲಿ, ಟೀವಿಗಳ ಮುಂದೆ. ನಮ್ಮ ಕೋಣೆಗೂ ಒಂದು ಹಾಕಿಸಿ ಎಂದು ಅತ್ತೆ ಕೇಳಿದ್ದಕ್ಕೆ ಓನರ್ ನಗುತ್ತಲೇ ಹೇಳಿದರು, "ಟೀವಿ ಬಿಸಿಯಾದ್ರೆ ಕೆಟ್ಟೋಗುತ್ತೆ ಕಣಮ್ಮ. ನೀವು ಕೆಡ್ತೀರಾ?"

ಅವರು ಕೆಟ್ಟವರಂತೆ ಕಾಣುತ್ತಿರಲಿಲ್ಲ. ಹಬ್ಬಕ್ಕೆ ಎಲ್ಲರಿಗೂ ಮೈಸೂರುಪಾಕು ಹಂಚುತ್ತಿದ್ದರು. ಕಾರನ್ನು ಬದಲಿಸಿದ ದಿನವೂ ಹಂಚಿದರು.

ಟೆಸ್ಟಿಂಗ್ ಮಾಡುತ್ತಿದ್ದ ಮನುಷ್ಯ ಕೆಲಸ ಬಿಟ್ಟಾಗ ಓನರ್ ಹೊಸಬನನ್ನು ಇಟ್ಟುಕೊಳ್ಳಲಿಲ್ಲ. ಬದಲಿಗೆ ಒಂದು ಬಹುಮಾನ ಸಾರಿದರು. ಯಾರು ತಮ್ಮ ಪಾಲಿನ ಬೆಸುಗೆಯನ್ನು ಬೇಗ ಮುಗಿಸುತ್ತಾರೋ ಅವರು ಟೆಸ್ಟಿಂಗ್ ಕೋಣೆಗೆ ಹೋಗಿ, ಫ್ಯಾನಿನ ಕೆಳಗೆ ಕೂತು, ಆಟ ಆಡಬಹುದು! ಕೂಲಿಯ ಮಾತು ಯಾರೋ ಎತ್ತಿದ್ದಕ್ಕೆ, "ಆಟ ಆಡಕ್ಕೂ ಕೂಲಿ ಕೊಡ್ತಾರೇನ್ರಮ್ಮ?" ಎಂದರು. ನಾವೆಲ್ಲ ಬಿದ್ದುಬಿದ್ದು ನಕ್ಕೆವು. ಎಂ.ಎ. ಓದಿದ್ದ ನಾನೂ ನಕ್ಕೆ. ಅದು ನೆನಪಿದೆ, ಬೇಡವೆಂದರೂ.

ಆಮೇಲೆ ಶುರುವಾಯಿತು ನೋಡಿ ಓಟ. ಬೆರಳು ಸುಟ್ಟರೂ ಊದಿಕೊಂಡು ಮುಂದಿನದಕ್ಕೆ ಕೈ ಹಾಕುತ್ತಿದ್ದೆವು. ಹೆಬ್ಬೂರಿನ ಅತ್ತೆ-ಸೊಸೆ ಜೋಡಿ ಊಟವನ್ನೂ ನಿಂತೇ ಮುಗಿಸುತ್ತಿದ್ದರು. ಎಲ್ಲರಿಗಿಂತ ಜೋರಾಗಿದ್ದವಳು ಕುಣಿಗಲ್ಲಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬಳು. ಅವಳನ್ನು ಎಲ್ಲರೂ ಕುಣಿಗಲ್ಲಕ್ಕ ಎನ್ನುತ್ತಿದ್ದೆವು. "ದಾರಿ ಬುಡ್ರೇ, ಟೀವಿ ಕರೀತಾ ಅದೆ!" ಎಂದು ಸೆರಗು ಸಿಕ್ಕಿಸಿಕೊಂಡು ಓಡುತ್ತಿದ್ದಳು.

ಆಟವೆಂದರೆ ಕಪ್ಪು ಪರದೆಯ ಎರಡು ಬದಿಗೆ ಎರಡು ಬಿಳಿ ಗೆರೆ, ನಡುವೆ ಒಂದು ಚುಕ್ಕೆ. ನಾಬು ತಿರುಗಿಸಿ ಚುಕ್ಕೆಯನ್ನು ಹೊಡೆಯಬೇಕು, ತಪ್ಪಿದರೆ ಎದುರಿನವರಿಗೆ ಪಾಯಿಂಟು. ಇಬ್ಬರು ಜೋಡಿಯಾಗಿ ಕೂತು ಒಂದು ಪೆಟ್ಟಿಗೆಗೆ ಎರಡು ಆಟ ಆಡಬೇಕು. ಎರಡರಲ್ಲೂ ಒಂದೇ ಕಡೆ ಗೆದ್ದರೆ ಸೋತ ಕಡೆಯ ನಾಬು ಕೆಟ್ಟಿದೆ ಎಂದರ್ಥ, ಪೆಟ್ಟಿಗೆಯ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ಗೀಟು ಎಳೆದು ವಾಪಸ್ಸು ಕಳಿಸಬೇಕು. ಇದು ಓನರ್ ಮಾಡಿದ ನಿಯಮ.

ನಮ್ಮ ಮನೆಯ ನಿಯಮ ಬೇರೆ. ಚೌಕಾಬಾರ ಆಡುವಾಗ ಹಿರಿಯರ ಕಾಯಿ ಹೊಡೆಯುವಂತೆ ಸಿಕ್ಕರೂ ನಮಗೆ ಅದು ಕಾಣುವುದಿಲ್ಲ. ಕಣ್ಣು ಬೇರೆ ಕಡೆ ಹೋಗುತ್ತದೆ. ಯಾರೂ ಕಲಿಸಿದ್ದಲ್ಲ, ಹಾಗೇ ಬೆಳೆದದ್ದು. ಫ್ಯಾನಿಗೆ ಹತ್ತಿರದ ಬಲಗಡೆಯ ಸ್ಟೂಲು ಹಿರಿಯರಿಗೆ, ಅಲ್ಲಿ ಅತ್ತೆ ಕೂತಳು. ಎಡಗಡೆ ನಾನು. ಚುಕ್ಕೆ ಬಂದಾಗಲೆಲ್ಲ ನನ್ನ ಕೈ ತಡವಾಯಿತು. ಅತ್ತೆ ಗೆದ್ದಳು, ಮತ್ತೆ ಗೆದ್ದಳು, ಮಗುವಿನಂತೆ ಚಪ್ಪಾಳೆ ತಟ್ಟಿದಳು. ಬಿಟ್ಟುಕೊಟ್ಟೆ ಎಂದು ಹೇಗೆ ಹೇಳಲಿ? ಗೀಟು ಎಳೆದೆ. ಬೇರೆಯವರ ಪೆಟ್ಟಿಗೆಗಳ ಮೇಲೂ ಕೆಂಪು ಗೀಟುಗಳಿದ್ದವು. ಅವು ನಿಜವಾಗಿಯೂ ಕೆಟ್ಟಿರಬೇಕು, ನಮ್ಮದೊಂದೇ ಸುಳ್ಳು ಎಂದುಕೊಂಡೆ. ಆಮೇಲೆ ತಿಳಿಯಿತು, ಪ್ರತಿ ಜೋಡಿಯ ಕಿರಿಯಳೂ ಹಾಗೇ ಅಂದುಕೊಂಡಿದ್ದಳು.

ಕೆಂಪು ಗೀಟಿನ ಪೆಟ್ಟಿಗೆಗಳು ಕಿಟಕಿ ಮುಚ್ಚುವಷ್ಟು ಎತ್ತರಕ್ಕೆ ಬೆಳೆದವು. ದೀಪಾವಳಿಗೆ ಮಾಲು ಹೋಗಬೇಕು. ಓನರ್ ಎಲ್ಲವನ್ನೂ ಬೆಸುಗೆಗೆ ವಾಪಸ್ಸು ಕಳಿಸಿದರು. ಚೆನ್ನಾಗಿದ್ದ ಬೆಸುಗೆಯನ್ನೇ ಕರಗಿಸಿ ಮತ್ತೆ ಹಾಕಿದೆವು. ಹೊಗೆ ದುಪ್ಪಟ್ಟಾಯಿತು. ಅತ್ತೆ ರೈಲಿನಲ್ಲೂ ಕೆಮ್ಮತೊಡಗಿದಳು, ಎದುರು ಸೀಟಿನವರು ಎದ್ದು ಹೋಗುವಷ್ಟು. "ಸೀಟ್ ಸಿಕ್ತಲ್ಲ, ಕಾಲು ಚಾಚ್ಕೊ" ಎಂದು ನನ್ನನ್ನೇ ನಗಿಸಿದಳು. ಒಂದೊಂದು ದಿನ ಮಾತು ಮುಗಿಸಲು ಅವಳಿಗೆ ಉಸಿರು ಸಾಲುತ್ತಿರಲಿಲ್ಲ.

ಕೊನೆಗೆ ಓನರ್ ತಾವೇ ಟೆಸ್ಟಿಂಗ್‌ಗೆ ಕೂತರು. ಎಡಗಡೆ ಅವರು, ಬಲಗಡೆ ಅತ್ತೆ, ಹಿಂದೆ ಬಾಗಿಲ ತುಂಬ ನಾವು. ಎರಡೂ ಆಟ ಅವರೇ ಗೆದ್ದರು. ಅತ್ತೆಗೆ ಸೊನ್ನೆ. ಓನರ್ ಪೆಟ್ಟಿಗೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಇದೇನಿದು? ಎಡಗಡೆ ಸರಿಹೋಯ್ತು, ಈಗ ಬಲಗಡೆ ಹೋಯ್ತಲ್ಲ!"

ಕುಣಿಗಲ್ಲಕ್ಕ ಬಾಯಿಗೆ ಸೆರಗು ತುರುಕಿಕೊಂಡಳು. ಓನರ್ ಇನ್ನೊಂದು ಪೆಟ್ಟಿಗೆ ತೆಗೆದು, ಎರಡೂ ನಾಬನ್ನು ಎರಡು ಕೈಯಲ್ಲಿ ಹಿಡಿದು ಒಬ್ಬರೇ ಆಡಿದರು. ಎರಡೂ ಚೆನ್ನಾಗಿದ್ದವು. ಅದಾದ ಮೇಲೆ ಮತ್ತೊಂದು. ಅದೂ.

"ಯಾಕ್ರಮ್ಮ ಗೀಟು ಹಾಕಿದ್ರಿ ಇದಕ್ಕೆ?"

ಕುಣಿಗಲ್ಲಕ್ಕ ತಡೆಯಲಾರದೆ ಸೆರಗು ತೆಗೆದಳು. "ಅಯ್ಯೋ ಸಾರ್, ಅತ್ತೇನ ಸೋಲ್ಸಕ್ಕಾಯ್ತದಾ? ಚಿಕ್ಕೋರು ಅತ್ತೇನ ಗೆಲ್ಸವ್ರೆ, ಅತ್ತೆ ಈಗ ನಿಮ್ಮುನ್ನ ಗೆಲ್ಸವ್ರೆ!"

ಒಂದು ಕ್ಷಣ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೆಬ್ಬೂರಿನ ಅತ್ತೆ ಸೊಸೆಯ ಕಡೆ ತಿರುಗಿ, "ಏನೇ, ನೀನೂವಾ?" ಎಂದರು. ಆಮೇಲೆ ಬಂದ ನಗು! ಗೋಡೆ ಹಿಡಿದುಕೊಂಡು, ನೆಲಕ್ಕೆ ಕೂತು, ಕಣ್ಣೀರು ಸುರಿಸಿಕೊಂಡು ನಕ್ಕೆವು. ಓನರ್ ನಗಲಿಲ್ಲ. "ಭಾನುವಾರ ಎಲ್ಲರೂ ಬಂದು ಇಷ್ಟನ್ನೂ ಮತ್ತೆ ಟೆಸ್ಟ್ ಮಾಡ್ಬೇಕು. ಕೂಲಿ ಗೀಲಿ ಇಲ್ಲ. ಆಟ ತಾನೇ!"

ಅತ್ತೆ ಸ್ಟೂಲಿನಿಂದ ಏಳಲಿಲ್ಲ. ಕೆಮ್ಮಿ, ಸುಧಾರಿಸಿಕೊಂಡು ಹೇಳಿದಳು, "ಆಟ ಅಂದ್ರೆ ನಾವು ಹಿಂಗೇ ಆಡೋದು ಸಾರ್. ಭಾನುವಾರನೂ ಹಿಂಗೇ ಆಡ್ತೀವಿ. ಕೆಲಸ ಅನ್ನಿ, ಯಾರನ್ ಬೇಕಾದ್ರೂ ಸೋಲಿಸ್ತೀವಿ. ಆದ್ರೆ ಕೆಲಸ ಅಂದ್ಮೇಲೆ ಕೂಲಿ ಕೊಡ್ಬೇಕು, ಹೊಗೆ ಹೋಗಕ್ಕೆ ಫ್ಯಾನ್ ಹಾಕಿಸ್ಬೇಕು."

"ಹೂಂ, ಗೋಡೆ ಒಡೆದು ಹಾಕಿಸ್ಬೇಕು" ಎಂದು ಕುಣಿಗಲ್ಲಕ್ಕ ಸೇರಿಸಿದಳು.

ಕೂಲಿ ಬರಲಿಲ್ಲ. ಹಬ್ಬ ಹತ್ತಿರವಿತ್ತು, ಫ್ಯಾನು ಬಂತು. ಬೆಸುಗೆ ಕೋಣೆಯ ಗೋಡೆ ಒಡೆದು ಅದನ್ನು ಕೂರಿಸಿ ಸ್ವಿಚ್ಚು ಹಾಕಿದಾಗ ಹೊಗೆಯೆಲ್ಲ ಒಂದೇ ಕಡೆಗೆ ಬಾಗಿ ಹೊರಗೆ ಹೋಯಿತು. ನಾವು ಕೇಕೆ ಹಾಕಿದೆವು. ಅತ್ತೆ ಅದರ ಕೆಳಗೆ ನಿಂತು ಉದ್ದಕ್ಕೆ ಉಸಿರೆಳೆದುಕೊಂಡಳು, ಮತ್ತೆ ಮತ್ತೆ ಎಳೆದುಕೊಂಡಳು. ಅದನ್ನೇ ನೋಡುತ್ತಾ ನಿಂತೆ. ಭಾನುವಾರ ಕೂಲಿಯಿಲ್ಲದೆ ಹೋದೆವು, ಹೌದು, ಆದರೆ ಎಂಥ ಭಾನುವಾರ! ಹೆಬ್ಬೂರಿನ ಸೊಸೆ ತನ್ನ ಅತ್ತೆಯನ್ನು ಸೊನ್ನೆಗೆ ಸೋಲಿಸಿ ಕುಣಿದಾಡಿಬಿಟ್ಟಳು.

ನಾನೂ ಮೊದಲ ಬಾರಿ ಮನಸ್ಸಿಟ್ಟು ಆಡಿದೆ. ಅತ್ತೆ ನನ್ನನ್ನು ಸುಲಭವಾಗಿ ಸೋಲಿಸಿದಳು, ಒಮ್ಮೆ ಬಲಗಡೆ, ಒಮ್ಮೆ ಎಡಗಡೆ ಕೂತು. ಅವಳಿಗೆ ನನ್ನ ಬಿಟ್ಟುಕೊಡುವಿಕೆ ಎಂದೂ ಬೇಕಿರಲಿಲ್ಲ. ಹಾಗಾದರೆ ನನ್ನ ಕೈ ತಡವಾಗುತ್ತಿದ್ದದ್ದು ಅವಳಿಗೆ ಕಾಣದೆ ಇದ್ದೀತೆ? ಅಥವಾ ಇದೆಲ್ಲ ನಾನು ಈಗ ಹೆಣೆಯುತ್ತಿರುವ ಕತೆಯೇ? ಕಳೆದ ಸಲ ಗುಬ್ಬಿಗೆ ಹೋದಾಗ ಕೇಳಿಯೇಬಿಟ್ಟೆ. ಮಾವಿನಕಾಯಿ ಹೆಚ್ಚುತ್ತಿದ್ದವಳು ನಕ್ಕಳು, ಅಷ್ಟೇ. ನಾನು ಕೇಳಿದ್ದು ಇಷ್ಟು:

"ಅತ್ತೆ, ಪೆಟ್ಟಿಗೆ ಕೆಟ್ಟಿಲ್ಲ ಅಂತ ಗೊತ್ತಿದ್ದೂ ಗೀಟು ಹಾಕಕ್ಕೆ ಬಿಟ್ಟು, ಆ ಫ್ಯಾನ್ ಬರ್ಲಿ ಅಂತ ಅಷ್ಟೊಂದು ಹೊಗೆ ಕುಡಿದ್ಯಾ?"