ಗಣ್ಯರ ಪಟ್ಟಿ ಓದಿದ ಶುಕ್ರವಾರ

ಧಣಿಯ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆರಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಧಣಿ ಅಂತ ನಾವು ಕರೆಯುವ ಈ ಮನುಷ್ಯನಿಗೆ ಬಹರೈನಿನ ಸೀಫ್‌ನ ಮಾಲ್‌ಗಳಲ್ಲಿ ಅಂಗಡಿಗಳು, ಊರಲ್ಲಿ ಒಂದು ಕಬಡ್ಡಿ ತಂಡ. ನಾನು ಡಿಪ್ಲೊಮ್ಯಾಟಿಕ್ ಏರಿಯಾದ ಒಂದು ಬ್ಯಾಂಕಿನಲ್ಲಿ ಕಡತ ನೋಡುವವ. ಆದರೆ ಇಲ್ಲಿನ ನಮ್ಮ ಕರಾವಳಿ ಜನಕ್ಕೆ ನನ್ನ ಕಡತ ಯಾಕೆ? ಅವರಿಗೆ ಗೊತ್ತಿದ್ದದ್ದು ನನ್ನ ಸ್ವರ. ಹನ್ನೊಂದು ವರ್ಷ ಇಲ್ಲಿ ನಡೆದ ಪ್ರತಿ ಕಬಡ್ಡಿ ಪಂದ್ಯಾಟಕ್ಕೂ ವೀಕ್ಷಕ ವಿವರಣೆ ನನ್ನದೇ. ಗಾಡಿ ಓಡಿಸುವವ, ಕೋಲ್ಡ್ ಸ್ಟೋರ್ ಅನ್ನುವ ಕಿರಾಣಿ ಅಂಗಡಿ ನಡೆಸುವವ, ಮ್ಯಾನೇಜರ್, ಎಲ್ಲರೂ ನನ್ನನ್ನು ಕರೆಯುತ್ತಿದ್ದದ್ದು ‘ಮೈಕಣ್ಣ’ ಅಂತಲೇ. ಆ ಹೆಸರಿನ ಬಗ್ಗೆ ನನಗೆ ಜಂಭ ಇತ್ತು, ಸುಳ್ಳು ಯಾಕೆ ಹೇಳಲಿ.

ಒಮ್ಮೆ ಧಣಿಯ ತಂಡ ಇಲ್ಲಿಗೆ ಬಂದು ಪ್ರದರ್ಶನ ಪಂದ್ಯ ಆಡಿತು. ಅವರ ನಾಯಕ ರೈಡ್ ಮುಗಿಸಿ ಓಡಿ ಬರುವಾಗ ಕಾಲು ಪಕ್ಕದ ಗೆರೆಯಾಚೆ ಬಿತ್ತು, ಔಟ್. ರೆಫರಿಗೆ ಕಾಣಲಿಲ್ಲ, ನನಗೆ ಕಂಡಿತು, ಮೈಕಿನಲ್ಲಿ ಹೇಳಿಬಿಟ್ಟೆ. ಜನ ಹೋ ಅಂತ ನಕ್ಕರು. ಧಣಿ ಮುಂದಿನ ಸೋಫಾದಲ್ಲಿ ಕೂತು ತಿರುಗಿ ನನ್ನನ್ನು ನೋಡಿದ, ಅಷ್ಟೇ.

ಮರುವರ್ಷ ಚಾನೆಲ್ ಬಂತು. ಕರಾವಳಿಯ ಆಟಗಳಿಗೆಂದೇ ಒಂದು ಟೀವಿ ಚಾನೆಲ್, ಅದರ ಬಂಡವಾಳದಲ್ಲಿ ದೊಡ್ಡ ಪಾಲು ಧಣಿಯ ತಂಡದ್ದೇ. ಕೊಲ್ಲಿಯ ವೀಕ್ಷಕರಿಗಾಗಿ ಉದ್ಘಾಟನೆ ಬಹರೈನಿನಲ್ಲಿ, ಒಂದು ಒಳಾಂಗಣ ಕ್ರೀಡಾಂಗಣದಲ್ಲಿ. ಮೊದಲ ನೇರ ಪ್ರಸಾರ: ಊರಿಂದ ಬರುವ ಧಣಿಯ ತಂಡ, ಎದುರಿಗೆ ಇಲ್ಲಿನ ನಮ್ಮವರ ತಂಡ. ನಾನು ಹೊಸ ಅಂಗಿ ಇಸ್ತ್ರಿ ಮಾಡಿಸಿಟ್ಟೆ. ಧಣಿ ಅದ್ಲಿಯಾದ ಒಂದು ಹೋಟೆಲಿಗೆ ಕರೆಸಿ, ಚಹಾ ಕುಡಿಸಿ, ಹೆಗಲ ಮೇಲೆ ಕೈ ಹಾಕಿದ.

“ನಿಮ್ಮದು ಒಳ್ಳೆ ಸ್ವರ ಮಾರಾಯ್ರೆ. ಗಣ್ಯರನ್ನು ಸ್ವಾಗತಿಸುವ ಕೆಲಸ ನಿಮಗೇ. ಟೀವಿ ವಿವರಣೆಗೆ ಬೆಂಗಳೂರಿನಿಂದ ಒಬ್ಬರು ಬರ್ತಾರೆ. ನಮ್ಮದೇ ಚಾನೆಲ್ ಅಲ್ವಾ? ನಮ್ಮ ಟೀಮಿನ ಬಗ್ಗೆ ಎರಡು ಒಳ್ಳೆ ಮಾತಾಡುವವರು ಬೇಕು.”

ಮೂಗಿಗೆ ತುಪ್ಪ ಸವರುವುದು ಅಂದರೆ ಇದೇ. ಮನೆಗೆ ಬಂದು ಹೆಂಡತಿಗೆ ಹೇಳಿದೆ. “ತಾಳಿದವ ಬಾಳಿಯಾನು ಅಂತ ಬಿಟ್ಟುಬಿಡಿ” ಅಂದಳು. ಹನ್ನೊಂದು ವರ್ಷದ ಮೈಕನ್ನು ಒಂದು ಚಹಾಕ್ಕೆ ಕಿತ್ತುಕೊಂಡವನನ್ನು ತಾಳುವುದು ಹೇಗೆ? ಬೆಂಗಳೂರಿನವನ ಮೇಲೆ ನನಗೆ ಕೋಪ ಇರಲಿಲ್ಲ. ಧಣಿಯನ್ನು ಮಾತ್ರ ಊರವರೆಲ್ಲ ನೋಡಿ ನಗುವಂತೆ ಮಾಡಬೇಕು ಅಂತ ಅವತ್ತೇ ನಿಶ್ಚಯ ಮಾಡಿಕೊಂಡೆ.

ದಾರಿಯನ್ನು ಧಣಿಯೇ ಕೊಟ್ಟ. ನಮ್ಮ ಕಡೆಯ ಪಂದ್ಯಾಟ ನೋಡಿದವರಿಗೆ ಗೊತ್ತು, ಆಟ ಎಷ್ಟೇ ಬಿಸಿಯಾಗಿರಲಿ, ಗಣ್ಯರೊಬ್ಬರು ಒಳಗೆ ಬಂದರೆ ಮೈಕ್ ಅವರ ಕಡೆ ತಿರುಗಲೇಬೇಕು. ‘ಕೊಡುಗೈ ದಾನಿ, ಯಶಸ್ವಿ ಉದ್ಯಮಿ’ ಅಂತ ಬಿರುದು ಹೇಳಿ, ಶಾಲು ಹೊದೆಸಿ, ಕೂರಿಸಬೇಕು. ಒಬ್ಬರ ಬಿರುದು ಬಿಟ್ಟುಹೋದರೂ ಸಂಘವೇ ಒಡೆದೀತು. ಧಣಿ ಮೂವತ್ತೆಂಟು ಗಣ್ಯರ ಪಟ್ಟಿ ಕೊಟ್ಟ, ಕೆಳಗೆ ತನ್ನ ಕೈಯಾರೆ ಬರೆದ: ಹೆಸರು ಓದಿದ ಕೂಡಲೇ ಕ್ಯಾಮೆರಾ ಅವರ ಮುಖಕ್ಕೆ ಹೋಗಬೇಕು, ಅವರು ಕೂರುವ ತನಕ ಕದಲಬಾರದು. ಕ್ಯಾಮೆರಾದವರಿಗೂ ಅದರ ಪ್ರತಿ ಹೋಗಿತ್ತು.

ನಾನು ಲೆಕ್ಕ ಹಾಕಿದೆ. ಧಣಿಯ ತಂಡ ಗೆಲ್ಲುವುದು ಖಂಡಿತ. ಕೊನೆಯ ಐದು ನಿಮಿಷ ಅವರ ನಾಯಕನ ಮೆರೆದಾಟ, ಧಣಿ ಊರಿಗೆಲ್ಲ ತೋರಿಸಬೇಕು ಅಂತಿದ್ದದ್ದು ಅದನ್ನೇ. ಊರಿನ ಟೀವಿಯಲ್ಲಿ ಆಟದ ಬದಲು ಬರೀ ಶಾಲು ಕಾಣಲಿ ಅಂತ ಆ ಐದು ನಿಮಿಷಕ್ಕೆ ಹದಿನೆಂಟು ಗಣ್ಯರನ್ನು ಉಳಿಸಿಕೊಂಡೆ.

ಶುಕ್ರವಾರ, ಇಲ್ಲಿನ ರಜೆಯ ದಿನ, ಸಂಜೆಯ ಅಸರ್ ನಮಾಜ್ ಮುಗಿದ ಮೇಲೆ ಆಟ ಶುರುವಾಯಿತು. ಪ್ರಸಾರದ ಹಕ್ಕು ಚಾನೆಲ್‌ದು, ಯಾರೂ ಫೋನಿನಲ್ಲಿ ಆಟ ಹಿಡಿಯಬಾರದು ಅಂತ ನನ್ನಿಂದಲೇ ಮೂರು ಸಲ ಹೇಳಿಸಿದರು. ಕಾವಲಿನವರು ಬೆಂಚಿನಿಂದ ಬೆಂಚಿಗೆ ಹೋಗಿ ಫೋನು ಇಳಿಸಿದರು. ಅರ್ಧ ಆಟಕ್ಕೆ ಧಣಿಯ ತಂಡ ಒಂಬತ್ತು ಅಂಕ ಮುಂದೆ. ಬೆಂಗಳೂರಿನವ ‘ವಾವ್, ಸೂಪರ್ ರೈಡ್’ ಅನ್ನುತ್ತಿದ್ದ. ನಾನು ಹಲ್ಲು ಕಚ್ಚಿ ಕಾದೆ.

ಐದು ನಿಮಿಷ ಉಳಿದಾಗ ಪಟ್ಟಿ ಬಿಡಿಸಿದೆ. ತಲೆ ಎತ್ತಲಿಲ್ಲ, ಎತ್ತಿದರೆ ಬಿರುದು ತಪ್ಪುತ್ತಿತ್ತು. ಒಬ್ಬೊಬ್ಬರನ್ನೂ ಅವರ ಅಂಗಡಿ, ಸಂಘ, ಪದವಿ ಸಮೇತ ಕರೆದೆ. ಒಬ್ಬೊಬ್ಬರೂ ಎದ್ದು ನಾಲ್ಕು ದಿಕ್ಕಿಗೂ ಕೈ ಮುಗಿದರು. ಶಾಲು ಜಾರಿತು, ಮತ್ತೆ ಹೊದೆಸಿದರು. ಕ್ಯಾಮೆರಾಗಳು ಪಾಪ, ಧಣಿಯ ಆಜ್ಞೆಯಂತೆ ಅಲ್ಲೇ ನಿಂತವು. ಕ್ರೀಡಾಂಗಣದಲ್ಲಿ ಗದ್ದಲ ಎದ್ದಷ್ಟೂ ನಾನು ಸ್ವರ ಏರಿಸಿದೆ. ಅಷ್ಟು ಸುಖವಾಗಿ ನಾನು ಯಾವತ್ತೂ ಮೈಕ್ ಹಿಡಿದಿರಲಿಲ್ಲ.

ಹದಿನೆಂಟನೆಯವರನ್ನು ಕೂರಿಸಿ ತಲೆ ಎತ್ತಿದರೆ ಆಟ ಮುಗಿದಿದೆ. ಮ್ಯಾಟಿನ ಮೇಲೆ ನಮ್ಮವರು ಒಬ್ಬನನ್ನು ಎತ್ತಿ ಕುಣಿಯುತ್ತಿದ್ದಾರೆ. ಅಂಕದ ಹಲಗೆಯಲ್ಲಿ ನಮ್ಮವರು ಎರಡು ಮುಂದೆ. ನಾನು ಬೆಪ್ಪಾಗಿ ನೋಡಿದೆ.

ಧಣಿ ನನ್ನ ಕಡೆ ಬಂದ. ಬೈಯಲಿ, ಆಮೇಲೆ ಅವನದೇ ಕೈಬರಹ ತೋರಿಸುತ್ತೇನೆ ಅಂತ ಪಟ್ಟಿ ಮುಂದೆ ಹಿಡಿದೆ. ಅವನು ಉಳಿದ ಒಂದು ಶಾಲನ್ನು ಬಿಡಿಸಿ ನನ್ನ ಹೆಗಲಿಗೆ ಹಾಕಿದ.

“ಮರ್ಯಾದೆ ಉಳಿಸಿದಿರಿ. ನಮ್ಮವರು ಮಣ್ಣು ಮುಕ್ಕಿದ್ದು ಊರಲ್ಲಿ ಯಾರೂ ನೋಡ್ಲಿಲ್ಲ. ಗಣ್ಯರಿಗೂ ಖುಷಿ. ಮುಂದಿನ ಸಲ ಟೀವಿ ಮೈಕ್ ನಿಮಗೇ.”

ನಾನು ತೋಡಿದ ಗುಂಡಿಯಲ್ಲಿ ಧಣಿ ತನ್ನ ಸೋಲನ್ನು ಮುಚ್ಚಿಟ್ಟು, ಮೇಲೆ ನನಗೇ ಶಾಲು ಹೊದೆಸಿ ಹೋದ.

ಬೂಟು ಬಿಚ್ಚುತ್ತಿದ್ದವರ ನಡುವಿನಿಂದ ಒಬ್ಬ ಕುಂಟುತ್ತಾ ಬಂದ. ನಮ್ಮ ತಂಡದ ರೈಡರ್, ನಲವತ್ತು ಸಮೀಪಿಸಿದ ಬ್ಯಾರಿ, ಒಂದು ಕಂಪನಿಯ ಬಸ್ಸು ಓಡಿಸುವವ. ಮ್ಯಾಟಿನ ಮೇಲೆ ಎತ್ತಿ ಕುಣಿಸಿದ್ದು ಅವನನ್ನೇ. ಕೊನೆಯ ಐದು ನಿಮಿಷದಲ್ಲಿ ಅವನೊಬ್ಬನೇ ಹನ್ನೊಂದು ಅಂಕ ತಂದನಂತೆ. ಮೊಣಕಾಲಿಗೆ ಐಸ್ ಕಟ್ಟಿಕೊಂಡಿದ್ದ, ಮುಖದಲ್ಲಿ ನಗು ತುಂಬಿತ್ತು.

“ಮೈಕಣ್ಣ, ಕಡೇಗೆ ಹೊಡೆದ ರೈಡ್ ಟೀವಿಲಿ ಒಂದೂ ಬರ್ಲಿಲ್ಲಂತೆ. ಫೋನಲ್ಲೂ ಯಾರೂ ಹಿಡಿದಿಲ್ಲ. ಇರ್ಲಿ, ನೀವು ನೋಡಿದ್ದೀರಲ್ಲ. ಆ ಕಡೇ ರೈಡ್, ಮೂರು ಜನ ಹಿಡಿದರೂ ನಾನು ಗೆರೆ ಮುಟ್ಟಿದ್ದು, ಅದನ್ನೊಮ್ಮೆ ನಿಮ್ಮ ಸ್ವರದಲ್ಲಿ ಹೇಳಿ. ಊರಿಗೆ ಕಳಿಸ್ತೇನೆ.”

ಫೋನನ್ನು ನನ್ನ ಬಾಯಿಯ ಹತ್ತಿರ ಹಿಡಿದು, ರೆಕಾರ್ಡ್ ಒತ್ತಿ, ಕಾದ.

ಕಟ್ಟಿ ಹೇಳುವುದು ನನಗೇನೂ ಕಷ್ಟ ಇರಲಿಲ್ಲ. ಮಾತು ಬಾಯಿಯ ತನಕ ಬಂತು. ಎದುರಿಗೆ ಅವನ ಮುಖ ಇತ್ತು, ಆಗಲಿಲ್ಲ.

“ನಾನು ನೋಡಲಿಲ್ಲ ಮಾರಾಯ. ಪಟ್ಟಿ ಓದುತ್ತಿದ್ದೆ” ಅಂದೆ.

ಅವನು ರೆಕಾರ್ಡ್ ನಿಲ್ಲಿಸಿದ. ಆಮೇಲೆ ನನ್ನ ಹೆಗಲ ಶಾಲನ್ನು ನೋಡಿದ, ಫೋನು ಜೇಬಿಗೆ ಹಾಕಿದ, ಕುಂಟುತ್ತಾ ಬಸ್ಸಿನ ಕಡೆ ಹೋದ. ಈಗಲೂ ಶುಕ್ರವಾರ ಎದುರು ಸಿಕ್ಕರೆ ಸಲಾಂ ಹೇಳುತ್ತಾನೆ. ಮೈಕಣ್ಣ ಅನ್ನುವುದಿಲ್ಲ.